ರಾತ್ರಿ ಎರಡರ ಪಾಳಿ

(ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಸಂಬಂಧಪಟ್ಟ ಜಾಗದಲ್ಲೇ ಸೇರಿಸಿದ್ದೇನೆ.)

ಚಿಕ್ಕ ಹಾಯಿದೋಣಿಯಲ್ಲಿ ಸಾಗರ ದಾಟಿದವರು ಎಲ್ಲೇ ಮಾತಾಡಲಿ, ಮೊದಲು ಎದುರಾಗುವ ಪ್ರಶ್ನೆ ಇದು: "ರಾತ್ರಿ ಹೊತ್ತು ದೋಣಿ ಎಲ್ಲಿ ನಿಲ್ಲಿಸ್ತೀರಿ?" ಎರಡನೆಯದು ಬಿರುಗಾಳಿಯ ಬಗ್ಗೆ, ಮೂರನೆಯದು ಶಾರ್ಕ್ ಬಗ್ಗೆ. ಶಾರ್ಕ್ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಬಿರುಗಾಳಿಯ ಬಗ್ಗೆ ಸ್ವಲ್ಪ ಇದೆ, ಕೊನೆಗೆ ಹೇಳುತ್ತೇನೆ. ಮೊದಲ ಪ್ರಶ್ನೆ ಕೇಳಿ ನಗುವ ನಾವಿಕರಿದ್ದಾರೆ. ನನಗೆ ಅದು ಒಳ್ಳೆಯ ಪ್ರಶ್ನೆ ಅನ್ನಿಸುತ್ತದೆ.

ನಿಲ್ಲಿಸುವುದಿಲ್ಲ, ನಿಲ್ಲಿಸಲು ಆಗುವುದೂ ಇಲ್ಲ. ದಡ ಬಿಟ್ಟು ಒಂದೆರಡು ದಿನ ಕಳೆದರೆ ಕೆಳಗಿರುವುದು ಮೂರು, ನಾಲ್ಕು, ಕೆಲವು ಕಡೆ ಐದು ಕಿಲೋಮೀಟರ್ ಆಳದ ನೀರು. ದೋಣಿಯಲ್ಲಿರುವ ಲಂಗರಿನ ಸರಪಳಿಯನ್ನು ಮೀಟರ್‌ಗಳಲ್ಲಿ ಅಳೆಯುತ್ತಾರೆ. ಹಾಗಾಗಿ ಹಾಯಿ ಬಿಚ್ಚಿದ ದೋಣಿ ಹಗಲೂ ರಾತ್ರಿ ಹೋಗುತ್ತಲೇ ಇರುತ್ತದೆ, ಮೂರು ವಾರ ಬೇಕಾದರೂ ಹೋಗುತ್ತದೆ. ಅದರೊಳಗಿರುವ ಮನುಷ್ಯನಿಗೆ ಮಾತ್ರ ಅದು ಸಾಧ್ಯವಿಲ್ಲ, ಅವನು ಮಲಗಬೇಕು. ಸಾಗರ ದಾಟುವ ಕೆಲಸದ ಬಹುಪಾಲು ಈ ಇಕ್ಕಟ್ಟನ್ನು ನಿಭಾಯಿಸುವುದೇ. ಅದಕ್ಕೇ ಇವತ್ತು ನಾನು ಹಾಯಿಗಿಂತ ಹೆಚ್ಚಾಗಿ ನಿದ್ದೆಯ ಬಗ್ಗೆ ಮಾತಾಡುತ್ತೇನೆ.

ಅಟ್ಲಾಂಟಿಕ್ ದಾರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸಣ್ಣ ದೋಣಿಗಳು ಅತಿ ಹೆಚ್ಚು ಹೋಗುವ ಸಾಗರ ಮಾರ್ಗ ಬಹುಶಃ ಅದೇ. ಆಫ್ರಿಕಾದ ಪಶ್ಚಿಮ ಕರಾವಳಿಗೆ ಹತ್ತಿರದ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್ (ಮುಂದೆ ನಾನು ಮೈಲಿ ಎಂದಾಗಲೆಲ್ಲ ಇದೇ ನಾಟಿಕಲ್ ಮೈಲಿ). 1492ರಲ್ಲಿ ಸ್ಪೇನ್ ಬಿಟ್ಟ ಕೊಲಂಬಸ್ ಸಾಗರ ದಾಟಲು ಹೊರಟದ್ದೂ ಕೆನರಿಯಿಂದಲೇ. 1986ರಿಂದ ಪ್ರತಿ ನವೆಂಬರಿನಲ್ಲಿ 'ಆರ್ಕ್' ಎಂಬ ರ‍್ಯಾಲಿಯಲ್ಲಿ ನೂರಾರು ದೋಣಿಗಳು ಒಟ್ಟಿಗೆ ಕೆನರಿ ಬಿಡುತ್ತವೆ. ನವೆಂಬರೇ ಯಾಕೆಂದರೆ, ಅಟ್ಲಾಂಟಿಕ್‌ನ ಹರಿಕೇನ್ ಋತು ಲೆಕ್ಕದ ಪ್ರಕಾರ ಮುಗಿಯುವುದು ನವೆಂಬರ್ 30ಕ್ಕೆ. ಆಮೇಲೆ ಈಶಾನ್ಯದ ವಾಣಿಜ್ಯ ಮಾರುತ ನೆಲೆಗೊಳ್ಳುತ್ತದೆ. ಆ ಗಾಳಿ ಸಿಗಬೇಕಾದರೆ ಮೊದಲು ದಕ್ಷಿಣಕ್ಕೆ ಇಳಿಯಬೇಕು. "ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು" ಎಂಬುದು ಹಳೆಯ ನಾವಿಕರ ಮಾತು. ಉಪಗ್ರಹದ ಹವಾಮಾನ ನಕ್ಷೆ ಕೈಯಲ್ಲಿರುವ ಈ ಕಾಲದಲ್ಲೂ ದಾರಿ ಹೆಚ್ಚುಕಡಿಮೆ ಅದೇ.

ವೇಗ? ಹನ್ನೆರಡು ಮೀಟರ್ ಉದ್ದದ ದೋಣಿಯ ದಿನದ ಸರಾಸರಿ ಐದೂವರೆ ಆರು ನಾಟ್. ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್, ಬೆಳಿಗ್ಗೆ ವ್ಯಾಯಾಮಕ್ಕೆಂದು ಪಾರ್ಕಿನಲ್ಲಿ ಓಡುವವರ ವೇಗ. ನೀರಿನಲ್ಲಿ ಮೈಯೂರಿ ಸಾಗುವ ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ಆ ಅಲೆ ದೋಣಿಯಷ್ಟೇ ಉದ್ದ ಬೆಳೆದ ಮೇಲೆ, ಗಾಳಿ ಎಷ್ಟೇ ತಳ್ಳಿದರೂ ವೇಗ ಅಷ್ಟಾಗಿ ಏರುವುದಿಲ್ಲ. ಅಂಥ ದೋಣಿಗೆ ಮಿತಿ ಸುಮಾರು ಎಂಟು ನಾಟ್. ದಿನಕ್ಕೆ 130ರಿಂದ 145 ಮೈಲಿ ಕ್ರಮಿಸಿದರೆ ಮೂರು ವಾರದ ಆಸುಪಾಸು ಹಿಡಿಯುತ್ತದೆ. ಎಂಜಿನ್ ಇರುತ್ತದಲ್ಲ ಎಂದು ಒಬ್ಬರು ಕೇಳಿದರು. ಇರುತ್ತದೆ. ಟ್ಯಾಂಕಿನಲ್ಲಿ 200 ಲೀಟರ್ ಡೀಸೆಲ್ ಇದ್ದು ಗಂಟೆಗೆ ಮೂರು ಲೀಟರ್ ಸುಟ್ಟರೆ 350 ಮೈಲಿ ಹೋಗಬಹುದು. ಉಳಿದದ್ದನ್ನೆಲ್ಲ ಗಾಳಿಯೇ ದಾಟಿಸಬೇಕು.

ಈಗ ನಿದ್ದೆಗೆ ಬರೋಣ. ಎಲ್ಲರೂ ಒಟ್ಟಿಗೆ ಮಲಗಿದರೆ ಏನಾಗುತ್ತದೆ? ಕಾಕ್‌ಪಿಟ್‌ನಲ್ಲಿ, ಅಂದರೆ ಚುಕ್ಕಾಣಿ ಇರುವ ತೆರೆದ ಜಾಗದಲ್ಲಿ ನಿಂತವರ ಕಣ್ಣು ನೀರಿನಿಂದ ಎರಡೂವರೆ ಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರಕ್ಕೆ ದಿಗಂತ ಮೂರು ಮೈಲಿ ಚಿಲ್ಲರೆ ದೂರ, ಅಷ್ಟೇ. ಹಡಗಿನ ದೀಪಗಳು ಎತ್ತರದಲ್ಲಿರುವುದರಿಂದ ಇನ್ನೂ ದೂರದಿಂದ ಕಂಡಾವು. ಆದರೆ ಅಲೆ, ಮಳೆ, ಮಂಜು ಸೇರಿದರೆ ಆರು ಮೈಲಿಯಲ್ಲಿ ಕಂಡದ್ದೇ ಪುಣ್ಯ. ಎದುರಿನಿಂದ ಬರುವ ಕಂಟೇನರ್ ಹಡಗಿನ ವೇಗ ಇಪ್ಪತ್ತು ನಾಟ್, ನಮ್ಮದು ಆರು. ಎರಡೂ ಕೂಡಿ ಆರು ಮೈಲಿ ಕರಗುವುದಕ್ಕೆ ಹದಿನಾಲ್ಕು ನಿಮಿಷ ಸಾಕು. ಒಬ್ಬಂಟಿಯಾಗಿ ಹೋಗುವವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಂ ಇಟ್ಟು ಎದ್ದೇಳುವುದು ಈ ಲೆಕ್ಕದಿಂದಲೇ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ ಐದನೆಯದು ಹೇಳುವುದೂ ಇದನ್ನೇ: ಎಲ್ಲ ಹೊತ್ತಿನಲ್ಲೂ ಕಣ್ಣಿಂದ, ಕಿವಿಯಿಂದ, ಇರುವ ಎಲ್ಲ ಸಾಧನಗಳಿಂದ ಸರಿಯಾದ ನಿಗಾ ಇಡಬೇಕು. ದೋಣಿ ಚಿಕ್ಕದು, ಜನ ಕಡಿಮೆ ಎಂಬ ವಿನಾಯಿತಿ ಅದರಲ್ಲಿಲ್ಲ. ಒಂಟಿ ಯಾನಿಗಳು ಪ್ರತಿ ರಾತ್ರಿ ಈ ನಿಯಮ ಮುರಿಯುತ್ತಾರೆ. ಅವರ ಸಾಹಸದ ಬಗ್ಗೆ ನನಗೆ ಗೌರವವಿದೆ, ಅನುಕರಿಸುವ ಆಸೆಯಿಲ್ಲ.

ಹಾಗಾಗಿ ಪಾಳಿ. ನಾಲ್ವರಿದ್ದರೆ ಲೆಕ್ಕ ಸುಲಭ: ಒಬ್ಬರಿಗೆ ಮೂರು ಗಂಟೆ ಕಾವಲು, ಆಮೇಲೆ ಒಂಬತ್ತು ಗಂಟೆ ಬಿಡುವು. ಇಬ್ಬರೇ ಆದರೆ ಮೂರು ಗಂಟೆ ಎಚ್ಚರ, ಮೂರು ಗಂಟೆ ನಿದ್ದೆ. ಮೊದಲ ವಾರ ಮುಗಿಯುವುದರೊಳಗೆ ಇಬ್ಬರೂ ನೆರಳುಗಳ ಹಾಗೆ ಓಡಾಡುತ್ತಿರುತ್ತಾರೆ, ಮಾತು ಚೀಟಿಯಲ್ಲೇ ನಡೆಯುತ್ತದೆ. ದೊಡ್ಡ ಹಡಗುಗಳ ಹಳೆಯ ಕ್ರಮ ನಾಲ್ಕು ನಾಲ್ಕು ಗಂಟೆಯದು. ಎರಡು ತಂಡಗಳಿದ್ದು ದಿನಕ್ಕೆ ಆರು ಪಾಳಿಯಾದರೆ, ಮಧ್ಯರಾತ್ರಿಯಿಂದ ನಾಲ್ಕರವರೆಗಿನ ಶಿಕ್ಷೆ ಯಾವತ್ತೂ ಒಂದೇ ತಂಡಕ್ಕೆ ಬೀಳುತ್ತದೆ. ಅದಕ್ಕೆ ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡಾಗಿ ಮುರಿದು ಒಟ್ಟು ಏಳು ಮಾಡಿದರು. ಬೆಸ ಸಂಖ್ಯೆಯಾದ್ದರಿಂದ ಸರದಿ ತಾನಾಗಿಯೇ ದಿನಾ ಜರುಗುತ್ತದೆ. ಇದನ್ನು ಯಾರು ಮೊದಲು ಯೋಚಿಸಿದರೋ, ಅವರಿಗೆ ನಿದ್ದೆಗೆಟ್ಟವರ ಜಗಳ ಚೆನ್ನಾಗಿ ಗೊತ್ತಿದ್ದಿರಬೇಕು.

ಆದರೆ ಯಾವ ಕ್ರಮ ಎನ್ನುವುದಕ್ಕಿಂತ, ಬದಲಾಗುವ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂಬುದು ಮುಖ್ಯ. ರಾತ್ರಿ ಎರಡು ಗಂಟೆ ಅಂದುಕೊಳ್ಳಿ. ಮಲಗಿದ್ದವರನ್ನು ಹದಿನೈದು ನಿಮಿಷ ಮುಂಚೆ ಎಬ್ಬಿಸಬೇಕು. ವಾಲಾಡುವ ದೋಣಿಯಲ್ಲಿ ಪ್ಯಾಂಟಿನೊಳಗೆ ಕಾಲು ತೂರಿಸುವುದಕ್ಕೇ ಐದು ನಿಮಿಷ ಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕಾಗುತ್ತದೆ, ಅದಕ್ಕೇ ಒಳಗೆ ಕೆಂಪು ದೀಪ ಮಾತ್ರ. ಲೈಫ್‌ಜಾಕೆಟ್ ಹಾಕಿ, ಸೊಂಟದ ಪಟ್ಟಿಯ ಕೊಕ್ಕೆಯನ್ನು ಹೊರಗಿನ ಬಳೆಗೆ ಸಿಕ್ಕಿಸಿಕೊಂಡೇ ಮೆಟ್ಟಿಲು ಹತ್ತಬೇಕು. ಹತ್ತಿದ ಮೇಲೆ ಸಿಕ್ಕಿಸಿದರಾಯಿತು ಎನ್ನುವಂತಿಲ್ಲ. ಕತ್ತಲಲ್ಲಿ, ಹಿಂದಿನಿಂದ ಗಾಳಿ ಬೀಸುವಾಗ ಒಬ್ಬರು ನೀರಿಗೆ ಬಿದ್ದರೆ, ಹಾಯಿ ಇಳಿಸಿ ದೋಣಿ ತಿರುಗಿಸುವಷ್ಟರಲ್ಲಿ ಅರ್ಧ ಮೈಲಿ ದಾಟಿರುತ್ತದೆ. ಎರಡು ಮೀಟರ್ ಅಲೆಗಳ ನಡುವೆ ಒಂದು ತಲೆ ಕಾಣುವುದಿಲ್ಲ.

ಹೋಗುವವರು ಬಂದವರಿಗೆ ಒಪ್ಪಿಸಬೇಕಾದ ಸಂಗತಿಗಳಿವೆ. ದಿಕ್ಕು ಎಷ್ಟು, ಗಾಳಿ ಎಷ್ಟು, ಮೂರು ಗಂಟೆಯಲ್ಲಿ ಅದು ಹೇಗೆ ಬದಲಾಯಿತು, ಎಡಗಡೆ ಕಾಣುವ ದೀಪ ಯಾರದ್ದು, ಯಾವ ಹಗ್ಗ ಕಿರುಗುಟ್ಟುತ್ತಿದೆ. ಇದೆಲ್ಲ ಲಾಗ್ ಪುಸ್ತಕದಲ್ಲೂ ಇರುತ್ತದೆ, ಗಂಟೆಗೊಮ್ಮೆ ಬರೆದಿರುತ್ತಾರೆ. ವಾಯುಭಾರವನ್ನೂ ಬರೆಯುತ್ತಾರೆ, ಅದು ಶಾಸ್ತ್ರಕ್ಕಲ್ಲ. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆ ಎರಡು ಸಲ ತಾನಾಗಿಯೇ ಏರಿ ಇಳಿಯುತ್ತದೆ: ಹತ್ತು ಗಂಟೆಯ ಸುಮಾರಿಗೆ ಏರು, ನಾಲ್ಕರ ಸುಮಾರಿಗೆ ಇಳಿ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಎಂದು ಗೊತ್ತಿಲ್ಲದವರಿಗೆ ಇವತ್ತಿನ ಇಳಿತ ಸಹಜವೋ, ಮೂರು ನಾಲ್ಕು ಮಿಲಿಬಾರಿನ ಕೆಟ್ಟ ಸೂಚನೆಯೋ ತಿಳಿಯುವುದಿಲ್ಲ. ಬರೆದಿಟ್ಟದ್ದು ಇಷ್ಟು ಹೇಳುತ್ತದೆ. ಆದರೆ "ಯಾಕೋ ಗೊತ್ತಿಲ್ಲ, ಚುಕ್ಕಾಣಿ ಸ್ವಲ್ಪ ಬಿಗಿ ಅನ್ನಿಸ್ತಿದೆ" ಎಂಬಂಥ ಮಾತು ಪುಸ್ತಕಕ್ಕೆ ಹೋಗುವುದಿಲ್ಲ, ಬಾಯಿಂದಲೇ ಬರಬೇಕು. ಅದಕ್ಕೆ ಐದು ನಿಮಿಷ ಇಬ್ಬರೂ ಜೊತೆಗೆ ಕೂರಬೇಕು. ನಾನು ಕಂಡ ಒಳ್ಳೆಯ ತಂಡಗಳಲ್ಲೆಲ್ಲ ಆ ಐದು ನಿಮಿಷ ಇತ್ತು. ಕೆಳಗೆ ಹಾಸಿಗೆ ಕರೆಯುತ್ತಿರುವಾಗ ಐದು ನಿಮಿಷ ಕೊಡುವುದು ಹೇಳಿದಷ್ಟು ಸುಲಭವಲ್ಲ.

ಆಮೇಲೆ ಒಬ್ಬರೇ. ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಚುಕ್ಕಾಣಿಯನ್ನು ಹೆಚ್ಚಾಗಿ ಯಂತ್ರವೇ ಹಿಡಿದಿರುತ್ತದೆ. ವಿದ್ಯುತ್ತಿನ ಆಟೊಪೈಲಟ್ ಇರಬಹುದು, ಅಥವಾ ಹಿಂಬದಿಗೆ ಕಟ್ಟಿದ ವಿಂಡ್‌ವೇನ್. ವಿಂಡ್‌ವೇನ್‌ಗೆ ಕರೆಂಟು ಬೇಡ, ಗಾಳಿಯ ದಿಕ್ಕೇ ಅದಕ್ಕೆ ಆಧಾರ. 1960ರ ಒಂಟಿ ಯಾನಿಗಳ ಅಟ್ಲಾಂಟಿಕ್ ಪಂದ್ಯದಲ್ಲಿ ಬ್ಲಾಂಡಿ ಹ್ಯಾಸ್ಲರ್, ಫ್ರಾನ್ಸಿಸ್ ಚಿಚೆಸ್ಟರ್ ಅಂಥವರು ಬಳಸಿದ ಮೇಲೆ ಅದು ಜನಪ್ರಿಯವಾಯಿತು. ಗಾಳಿ ತಿರುಗಿದರೆ ದೋಣಿಯೂ ಸದ್ದಿಲ್ಲದೆ ತಿರುಗುತ್ತದೆ, ಆದ್ದರಿಂದ ಕಾವಲಿನವರು ದಿಕ್ಸೂಚಿಯ ಮೇಲೆ ಕಣ್ಣಿಟ್ಟಿರಬೇಕು. ಹಡಗಿನ ದೀಪ ಕಂಡರೆ ಅದರ ಬಣ್ಣ ನೋಡಬೇಕು. ಕೆಂಪು ಮಾತ್ರ ಕಂಡರೆ ಅದರ ಎಡಮಗ್ಗುಲು, ಹಸಿರು ಮಾತ್ರ ಕಂಡರೆ ಬಲಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಮೇಲೇ ಬರುತ್ತಿದೆ. ದಿಕ್ಸೂಚಿಯಲ್ಲಿ ಅದರ ಕೋನ ಬದಲಾಗದೆ ದೀಪ ಮಾತ್ರ ದೊಡ್ಡದಾಗುತ್ತಿದ್ದರೆ ಡಿಕ್ಕಿ ಖಚಿತ. ಹಡಗುಗಳು ತಮ್ಮ ಜಾಗ, ವೇಗ, ದಿಕ್ಕನ್ನು ರೇಡಿಯೊದಲ್ಲಿ ಸಾರುವ ವ್ಯವಸ್ಥೆಯಾದ ಎಐಎಸ್‌ನ ಪರದೆ ಇದನ್ನೆಲ್ಲ ಲೆಕ್ಕ ಹಾಕಿ ತೋರಿಸುತ್ತದೆ ನಿಜ. ಆದರೆ ಅದನ್ನು ಹಾಕಿಕೊಳ್ಳದ, ಆರಿಸಿಟ್ಟ ದೋಣಿಗಳೂ ಸಮುದ್ರದಲ್ಲಿವೆ.

ಇನ್ನೊಂದು, ನಕ್ಷತ್ರಗಳನ್ನು ನೋಡುತ್ತಿರಬೇಕು. ಕಾವ್ಯಕ್ಕಲ್ಲ. ಹಿಂದುಗಡೆ ಆಕಾಶದ ಒಂದು ತುಂಡಿನಲ್ಲಿ ನಕ್ಷತ್ರಗಳು ಅಳಿಸಿಹೋಗುತ್ತಿದ್ದರೆ ಅಲ್ಲಿ ಮೋಡ ಎದ್ದಿದೆ ಎಂದರ್ಥ. ವಾಣಿಜ್ಯ ಮಾರುತದ ದಾರಿಯಲ್ಲಿ ರಾತ್ರಿಯ ಹೊತ್ತು ಬಂದೆರಗುವ ಈ ಸ್ಕ್ವಾಲ್‌ಗಳು, ಅಂದರೆ ದಿಢೀರ್ ಗಾಳಿಮಳೆಯ ಹೊಡೆತಗಳು, ಹದಿನೈದಿಪ್ಪತ್ತು ನಿಮಿಷದವು. ಗಾಳಿ ಹದಿನೆಂಟು ನಾಟ್‌ನಿಂದ ಮೂವತ್ತೈದಕ್ಕೆ ಹಾರುತ್ತದೆ. ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. ಇಲ್ಲೊಂದು ಮೋಸವೂ ಇದೆ. ಬೆನ್ನಿಗೆ ಇಪ್ಪತ್ತೆರಡು ನಾಟ್ ಗಾಳಿಯಿದ್ದು ನೀವು ಏಳು ನಾಟ್ ಓಡುತ್ತಿದ್ದರೆ ಮೈಗೆ ತಾಗುವುದು ಹದಿನೈದೇ. ಎಲ್ಲ ಹಿತವಾಗಿದೆ ಅನ್ನಿಸುತ್ತದೆ. ಹಾಯಿ ಕುಗ್ಗಿಸಲು ಗಾಳಿಗೆ ಮುಖ ಮಾಡಿದಿರೋ, ಕಳೆದುಹೋಗಿದ್ದ ಅಷ್ಟೂ ಗಾಳಿ ಒಟ್ಟಿಗೆ ಮುಖಕ್ಕೆ ಬಡಿಯುತ್ತದೆ. ಅದಕ್ಕೇ ಅನುಭವಸ್ಥರು ಕತ್ತಲಾಗುವ ಮುಂಚೆಯೇ ಹಾಯಿಯನ್ನು ಒಂದು ಮಡಿಕೆ ಕುಗ್ಗಿಸಿಬಿಡುತ್ತಾರೆ. ಅರ್ಧ ನಾಟ್ ವೇಗ ಹೋಗುತ್ತದೆ, ಮೂರು ಜನರ ನಿದ್ದೆ ಉಳಿಯುತ್ತದೆ. ಬೂಮ್ ಎಂಬ ಅಡ್ಡಮರಕ್ಕೆ ಮುಂದಿನಿಂದ ಒಂದು ಹಗ್ಗ ಬಿಗಿದಿರುತ್ತಾರೆ. ದೋಣಿ ತಪ್ಪಿ ತಿರುಗಿ ಗಾಳಿ ಹಾಯಿಯ ಹಿಂಬದಿಗೆ ಸಿಕ್ಕಿದರೆ ಆ ಮರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸುತ್ತದೆ, ನಡುವೆ ತಲೆಯಿದ್ದರೆ ಉಳಿಯುವುದು ಕಷ್ಟ. ಸಾಗರದ ನಡುವೆ ಸತ್ತವರಲ್ಲಿ ಬಿರುಗಾಳಿಯನ್ನು ನೋಡದೆ, ಇಂಥ ಒಂದು ಹೊಡೆತಕ್ಕೇ ಹೋದವರಿದ್ದಾರೆ.

ಮೋಡ ಕಂಡಿತು. ಈಗ ಕಾವಲಿನವರ ಮುಂದಿರುವ ನಿಜವಾದ ಪ್ರಶ್ನೆ: ಕ್ಯಾಪ್ಟನ್ನನ್ನು ಎಬ್ಬಿಸಬೇಕೋ, ಬೇಡವೋ? ಮಲಗಿ ಒಂದು ಗಂಟೆಯಾಗಿದೆ, ಪಾಪ. ಮೋಡ ಪಕ್ಕದಲ್ಲೇ ಹಾದುಹೋದೀತು. ಎಬ್ಬಿಸಿದ ಮೇಲೆ ಏನೂ ಆಗದಿದ್ದರೆ ಮರ್ಯಾದೆ ಹೋದೀತು. ನನ್ನ ಮಟ್ಟಿಗೆ ಇಡೀ ಯಾನದ ಸುರಕ್ಷತೆ ನಿಂತಿರುವುದು ಈ ಜಾಗದಲ್ಲಿ. ಒಳ್ಳೆಯ ಕ್ಯಾಪ್ಟನ್ ಹೊರಡುವ ಮುನ್ನವೇ ಬರೆದಂಟಿಸುತ್ತಾರೆ: ಗಾಳಿ ಇಷ್ಟು ದಾಟಿದರೆ ಎಬ್ಬಿಸಿ, ಹಡಗು ಇಷ್ಟು ಹತ್ತಿರ ಬಂದರೆ ಎಬ್ಬಿಸಿ, ಅನುಮಾನ ಬಂದರೂ ಎಬ್ಬಿಸಿ. ಬರೆದರಷ್ಟೇ ಸಾಲದು. ಸುಮ್ಮಸುಮ್ಮನೆ ಎಬ್ಬಿಸಿದ ಮೊದಲ ರಾತ್ರಿ ಅವರ ಮುಖ ಹೇಗಿರುತ್ತದೆ ಎಂಬುದನ್ನು ಎಲ್ಲರೂ ನೋಡುತ್ತಾರೆ. ಅಂದು ಒಂದು ಸಲ ಗೊಣಗಿದರೆ, ಮುಂದೆ ನಿಜವಾಗಿ ಬೇಕಾದಾಗ ಐದು ನಿಮಿಷ ತಡವಾಗಿ ಎಬ್ಬಿಸುತ್ತಾರೆ.

ಪಾಳಿ ಮುಗಿಸಿ ಕೆಳಗಿಳಿದವರಿಗೆ ನಿದ್ದೆ ಬರುತ್ತದೆ ಎಂದೇನೂ ಇಲ್ಲ. ಬೆನ್ನುಗಾಳಿಯಲ್ಲಿ ದೋಣಿ ಅಕ್ಕಪಕ್ಕಕ್ಕೆ ಉರುಳಾಡುತ್ತದೆ. ಹಾಸಿಗೆಯಿಂದ ಬೀಳದಂತೆ ಪಕ್ಕಕ್ಕೆ ಬಟ್ಟೆಯ ತಡೆ ಕಟ್ಟುತ್ತಾರೆ. ಡಬ್ಬಿಯೊಳಗೆ ಒಂದು ಚಮಚ ಉರುಳುತ್ತಿದ್ದರೆ ಅದನ್ನು ಹುಡುಕಿ ಬಟ್ಟೆ ಸುತ್ತುವ ತನಕ ನಾಲ್ವರಿಗೂ ನೆಮ್ಮದಿಯಿಲ್ಲ. ಮೊದಲ ಎರಡು ಮೂರು ದಿನ ವಾಂತಿ ಬೇರೆ. ಕಣ್ಣು ಒಂದು ಹೇಳುತ್ತದೆ, ಒಳಗಿವಿ ಇನ್ನೊಂದು ಹೇಳುತ್ತದೆ, ನಡುವೆ ಹೊಟ್ಟೆ ಸಾಯುತ್ತದೆ. ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಂಡಿರಬೇಕು, ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಬಹಳಷ್ಟು ಜನಕ್ಕೆ ನಾಲ್ಕನೆಯ ದಿನದ ಹೊತ್ತಿಗೆ ಹಸಿವಾಗುತ್ತದೆ.

ಊಟ ನೀರಿನ ವಿಷಯ ಬೇಗ ಮುಗಿಸುತ್ತೇನೆ, ಕೋಷ್ಟಕ ಹಾಕಿದರೆ ಆಗುವ ಕೆಲಸ ಅದು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದರೂ ನಾಲ್ವರಿಗೆ ಇಪ್ಪತ್ತೈದು ದಿನಕ್ಕೆ 400 ಲೀಟರ್. ಒಂದೇ ಟ್ಯಾಂಕಿನಲ್ಲಿ ಇಡಬಾರದು, ಒಂದು ಸೋರಿದರೆ ಇನ್ನೊಂದಿರಬೇಕು. ಪಾತ್ರೆಗೆ, ಸ್ನಾನಕ್ಕೆ ಸಮುದ್ರದ ನೀರು. ರಟ್ಟಿನ ಪೆಟ್ಟಿಗೆಗಳನ್ನು ದಡದಲ್ಲೇ ಬಿಡಬೇಕು, ಅದರ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಬರುತ್ತದೆ. ಒಲೆ ತೂಗುಪಟ್ಟಿಯ ಮೇಲಿದ್ದು ದೋಣಿ ವಾಲಿದರೂ ತಾನು ಮಟ್ಟವಾಗಿ ನಿಲ್ಲುತ್ತದೆ, ಆದರೂ ಬಿಸಿನೀರು ಚೆಲ್ಲಿ ಸುಟ್ಟುಕೊಳ್ಳುವುದು ಸಾಮಾನ್ಯ. ಸೆಕೆಯಲ್ಲೂ ರಬ್ಬರಿನ ಮಳೆಪ್ಯಾಂಟು ತೊಟ್ಟು ಅಡುಗೆ ಮಾಡುವವರನ್ನು ಕಂಡರೆ ನಗಬೇಡಿ. ಇಲ್ಲೂ ನಿದ್ದೆಗೆ ಸಂಬಂಧಿಸಿದ ಒಂದು ಜಾಣ ಪದ್ಧತಿಯಿದೆ: ದಿನಕ್ಕೊಬ್ಬರನ್ನು ಪಾಳಿಯಿಂದ ಪೂರ್ತಿ ಬಿಡಿಸಿ ಅಡುಗೆ, ತೊಳೆಯುವ ಕೆಲಸ ಒಪ್ಪಿಸುತ್ತಾರೆ. ಪ್ರತಿಫಲವಾಗಿ ಅವರಿಗೆ ಅಂದು ಇಡೀ ರಾತ್ರಿ ನಿದ್ದೆ. ಸಮುದ್ರದಲ್ಲಿ ಇಡೀ ರಾತ್ರಿಯ ನಿದ್ದೆಗೆ ಇರುವ ಬೆಲೆ ಗೊತ್ತಾದರೆ, ಪಾತ್ರೆ ತೊಳೆಯಲು ಜನ ಯಾಕೆ ಸಾಲುಗಟ್ಟುತ್ತಾರೆ ಎಂದು ತಿಳಿಯುತ್ತದೆ.

ಜಗಳವಾಗುವುದಿಲ್ಲವೇ ಎಂಬುದು ಮುಂದಿನ ಸಾಲಿನವರ ಪ್ರಶ್ನೆ. ಆಗುತ್ತದೆ, ದೊಡ್ಡ ವಿಷಯಕ್ಕಲ್ಲ. ಒದ್ದೆ ಟವೆಲ್ಲು, ಕೊನೆಯ ಬಿಸ್ಕತ್ತು, ಪಾಳಿಗೆ ಆರು ನಿಮಿಷ ತಡವಾಗಿ ಬರುವ ಅಭ್ಯಾಸ. ಈ ಆರು ನಿಮಿಷವೇ ಎಲ್ಲಕ್ಕಿಂತ ಹೆಚ್ಚು ಉರಿಸುವುದು, ಏಕೆಂದರೆ ಅದು ಇನ್ನೊಬ್ಬರ ನಿದ್ದೆಯಿಂದ ಕದ್ದದ್ದು. ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ನೇತೃತ್ವದಲ್ಲಿ 17 ಮೀಟರಿನ 'ತಾರಿಣಿ'ಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾ ಬಿಟ್ಟು, ಭೂಮಿ ಸುತ್ತಿ, 254 ದಿನದ ಮೇಲೆ 2018ರ ಮೇ 21ಕ್ಕೆ ಮರಳಿದರು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿದ್ದು ಸುದ್ದಿಯಾಯಿತು, ಆಗಬೇಕಾದದ್ದೇ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು, ಕೊನೆಯ ಹಂತದಲ್ಲಿ ಚುಕ್ಕಾಣಿಯ ವ್ಯವಸ್ಥೆ ಕೆಟ್ಟು ಅನಿರೀಕ್ಷಿತವಾಗಿ ಮಾರಿಷಸ್‌ಗೆ ಹೋಗಬೇಕಾಗಿ ಬಂದದ್ದು. ಮನೆ ಹತ್ತಿರವಾಯಿತು ಎನ್ನುವಾಗ ಹಾಗಾದರೂ ಒಟ್ಟಾಗಿ ಉಳಿಯುವುದು ಅಲೆ ಎದುರಿಸಿದಷ್ಟೇ ಕಷ್ಟದ ಕೆಲಸ.

ಈಚೆಗೆ ದೋಣಿಗಳಿಗೂ ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಬಂದಿದೆ. ಹವಾಮಾನದ ನಕ್ಷೆ ಬೇಕೆಂದಾಗ ಸಿಗುತ್ತದೆ, ವೈದ್ಯರೊಂದಿಗೆ ಮಾತಾಡಬಹುದು, ಒಳ್ಳೆಯದೇ. ಆದರೆ ಎರಡರ ಪಾಳಿಯಲ್ಲಿ ಮೊಬೈಲ್ ಬೆಳಕಿಗೆ ಕಣ್ಣು ಕೊಟ್ಟವರಿಗೆ ನಕ್ಷತ್ರ ಅಳಿಸಿದ್ದು ಗೊತ್ತಾಗುವುದಿಲ್ಲ. ರಾತ್ರಿ ಅದನ್ನು ಆರಿಸಿಡುವ ಕ್ಯಾಪ್ಟನ್‌ಗಳ ಪರ ನಾನು.

ಬಿರುಗಾಳಿ. ಸರಿಯಾದ ಋತುವಿನಲ್ಲಿ ಹೋದರೆ ಈ ದಾರಿಯಲ್ಲಿ ದೊಡ್ಡ ಬಿರುಗಾಳಿ ಅಪರೂಪ. ಆದರೆ ಕಲಿಯಬೇಕಾದದ್ದು 1979ರ ಆಗಸ್ಟಿನ ಫಾಸ್ಟ್‌ನೆಟ್ ಪಂದ್ಯದಲ್ಲಿದೆ. ಅದು ಇಂಗ್ಲೆಂಡಿನಿಂದ ಹೊರಟು ಐರ್ಲೆಂಡಿನ ಬಳಿಯ ಬಂಡೆಯೊಂದನ್ನು ಸುತ್ತಿ ಬರುವ ಹಾಯಿದೋಣಿಗಳ ಪಂದ್ಯ. 303 ದೋಣಿಗಳು ಹೊರಟವು, ನಡುವೆ ಬಿರುಗಾಳಿ ಎರಗಿತು, ಪಂದ್ಯದಲ್ಲಿದ್ದ 15 ಜನ ಸತ್ತರು. 24 ದೋಣಿಗಳನ್ನು ಬಿಟ್ಟು ಜನ ಹೊರಬಂದರು. ಆಮೇಲೆ ನೋಡಿದರೆ ಅವುಗಳಲ್ಲಿ ಮುಳುಗಿದ್ದು 5 ಮಾತ್ರ, ಉಳಿದವು ಸಿಕ್ಕವು. ಗಾಳಿ ತುಂಬಿದ ರಬ್ಬರ್ ತೆಪ್ಪಕ್ಕಿಂತ ಅರ್ಧ ಮುರಿದ ದೋಣಿಯೇ ಎಷ್ಟೋ ವಾಸಿ. ತೆಪ್ಪಕ್ಕೆ ಹೋಗುವುದಾದರೆ ಮೇಲಕ್ಕೆ ಹತ್ತುವಂತಿರಬೇಕು, ಅಂದರೆ ದೋಣಿ ಅಷ್ಟು ಮುಳುಗಿರಬೇಕು ಎನ್ನುತ್ತಾರೆ ನಾವಿಕರು. ನಿದ್ದೆಗೆಟ್ಟು, ಚಳಿ ಹಿಡಿದು, ವಾಂತಿ ಮಾಡಿ ಬಳಲಿದ ತಲೆಗೆ ಮಾತ್ರ ತೆಪ್ಪವೇ ಮನೆಯಾಗಿ ಕಾಣುತ್ತದೆ. ಇನ್ನು ಸಹಾಯ: 406 ಮೆಗಾಹರ್ಟ್ಸ್‌ನ ಇಪರ್ಬ್ ಎಂಬ ತುರ್ತು ಸಂಕೇತದ ಸಾಧನದ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸುದ್ದಿ ಬೇಗ ತಲುಪುತ್ತದೆ. ಸಾಗರದ ನಡುವಿಗೆ ಹೆಲಿಕಾಪ್ಟರ್ ಬರಲಾರದು. ಬರುವುದು ದಾರಿ ಬಿಟ್ಟು ತಿರುಗಿದ ಯಾವುದೋ ಸರಕು ಹಡಗು, ಅದೂ ಒಂದು ದಿನ, ಎರಡು ದಿನದ ಮೇಲೆ.

ದಡ ಹತ್ತಿರವಾದ ಕೊನೆಯ ರಾತ್ರಿಯ ಬಗ್ಗೆ ಒಂದು ಮಾತು. ಎಲ್ಲರೂ ದಣಿದಿರುತ್ತಾರೆ, ಎಲ್ಲರಿಗೂ ತಲುಪುವ ಆತುರ. ಗುರುತಿಲ್ಲದ ಬಂದರಿಗೆ ಕತ್ತಲಲ್ಲಿ ನುಗ್ಗಿ ಬಂಡೆಗೆ ಬಡಿಸಿದ ದೋಣಿಗಳುಂಟು. ಮುಂದಿನ ಹಾಯಿಯನ್ನು ಉಲ್ಟಾ ಕಟ್ಟಿ ಚುಕ್ಕಾಣಿಯನ್ನು ವಿರುದ್ಧಕ್ಕೆ ಬಿಗಿದರೆ ದೋಣಿ ಇದ್ದಲ್ಲೇ ನಿಧಾನವಾಗಿ ತೇಲುತ್ತಾ ಕಾಯುತ್ತದೆ. ಊರಿನ ದೀಪ ನೋಡುತ್ತಾ ಬೆಳಗಿನ ತನಕ ಹಾಗೇ ಕಾಯುವುದಕ್ಕೆ ಮೂರು ವಾರ ದಾಟಿದ್ದಕ್ಕಿಂತ ಹೆಚ್ಚು ತಾಳ್ಮೆ ಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಯುವತಿಯದು: ಸ್ವಂತ ದೋಣಿ ಇಲ್ಲದವರು ಹೋಗುವುದು ಹೇಗೆ? ಅಕ್ಟೋಬರ್ ನವೆಂಬರಿನಲ್ಲಿ ಕೆನರಿಯ ಬಂದರುಗಳಲ್ಲಿ ಜೊತೆಗಾರರನ್ನು ಹುಡುಕುವ ದೋಣಿಗಳು ಇರುತ್ತವೆ. ಖರ್ಚು ಹಂಚಿಕೊಂಡು ಹೋಗುವುದು ರೂಢಿ. ಹತ್ತುವ ಮುಂಚೆ ನೀವೂ ಕ್ಯಾಪ್ಟನ್ನನ್ನು ಸಂದರ್ಶನ ಮಾಡಿ. ಪಾಳಿ ಹೇಗೆ ಹಂಚುತ್ತೀರಿ, ಯಾವಾಗ ಎಬ್ಬಿಸಬೇಕು, ಎಲ್ಲರಿಗೂ ಬೀಳದಂಥ ಹಾಸಿಗೆ ಇದೆಯೇ ಎಂದು ಕೇಳಿ. "ರಾತ್ರಿ ಎಲ್ಲ ನಾನು ನೋಡ್ಕೋತೀನಿ, ನೀವು ಮಲಗಿ" ಎಂದರೆ ಬೇರೆ ದೋಣಿ ನೋಡಿ. ಸಾಧ್ಯವಾದರೆ ಮೊದಲು ದ್ವೀಪದಿಂದ ದ್ವೀಪಕ್ಕೆ ಒಂದು ರಾತ್ರಿಯಾದರೂ ಜೊತೆಗೆ ಹೋಗಿ ನೋಡಿ. ಆಚೆ ದಡದಲ್ಲಿ ವೀಸಾ ಬೇಕೇ ಎಂದು ಮೊದಲೇ ತಿಳಿದುಕೊಳ್ಳಿ. ಬಂದರಿಗೆ ಬಂದ ದೋಣಿ ಹಳದಿ ಬಾವುಟ ಏರಿಸಿ ಅಧಿಕಾರಿಗಳಿಗೆ ಸಿಬ್ಬಂದಿಯ ಪಟ್ಟಿ ಕೊಡಬೇಕು, ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇರುವಷ್ಟು ದಿನ ಸಾಮಾನ್ಯವಾಗಿ ಕ್ಯಾಪ್ಟನ್ನೇ ನಿಮಗೆ ಹೊಣೆ. ಅದಕ್ಕೇ ಹೆಚ್ಚಿನವರು ಹೊರಡುವ ಮೊದಲೇ ನಿಮ್ಮ ವಾಪಸು ವಿಮಾನದ ಟಿಕೆಟ್ಟನ್ನೋ ಅದರ ಹಣವನ್ನೋ ಕೇಳುತ್ತಾರೆ. ಅದನ್ನು ಅಪನಂಬಿಕೆ ಎಂದುಕೊಳ್ಳಬೇಡಿ, ಕೊಡಿ.